ಮನೆಯ ಹಾಡು ಮನೆಯಲ್ಲೇ ಮುದ್ರಣವಾಗಲಿ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಹಾಡಿಗೆ ಎಂದೂ ಬರ ಬಂದಿಲ್ಲ. ಮುಂಬಯಿಯ ಉಪನಗರಗಳ ಭಜನಾ ಮಂಡಳಿಗಳಿರಲಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಯ ಕನ್ನಡ ಸಂಘಗಳ ರಾಜ್ಯೋತ್ಸವ ವೇದಿಕೆಗಳಿರಲಿ, ದಾಸರ ಪದ, ವಚನ, ಭಾವಗೀತೆ, ಜಾನಪದ ಗೀತೆಗಳು ಕೇಳಿಬರುತ್ತಲೇ ಇವೆ. ಊರಿನಿಂದ ಬಂದು ದಶಕಗಳೇ ಕಳೆದ ಹಿರಿಯ ತಾಯಂದಿರ ಬಾಯಲ್ಲಿ ಸೋಬಾನೆ, ಬೀಸುವ ಪದ, ಪಾಡ್ದನಗಳು ಇನ್ನೂ ಜೀವಂತವಾಗಿವೆ. ಆದರೆ ಹಾಡಿದವರ ಧ್ವನಿ ನಮ್ಮಲ್ಲಿ ಉಳಿದಿದೆಯೇ ಎಂದು ಕೇಳಿಕೊಂಡರೆ ಬಹುತೇಕ ಮನೆಗಳಲ್ಲಿ ಇಲ್ಲ ಎಂಬುದೇ ಉತ್ತರ. ಸನ್ಮಾನ ಸಮಾರಂಭದ ಭಾವಚಿತ್ರಗಳು ಕಪಾಟು ತುಂಬ ಇವೆ, ಸನ್ಮಾನಗೊಂಡವರ ಒಂದು ಹಾಡೂ ಇಲ್ಲ.

ಸ್ಟುಡಿಯೋಗೆ ಹೋಗೋಣವೆಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಗಡಿಯಾರ ನೋಡುತ್ತ ಹಾಡುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಗಾಜಿನ ಆಚೆ ಅಪರಿಚಿತರು ಕುಳಿತಿದ್ದರಂತೂ ಎಪ್ಪತ್ತು ದಾಟಿದ ಅಜ್ಜಿಗೆ ಬಾಯಿಪಾಠವಾಗಿದ್ದ ಹಾಡೂ ಮರೆತುಹೋಗುತ್ತದೆ. ಅದೇ ಅಜ್ಜಿ ತನ್ನ ಮನೆಯಲ್ಲಿ, ಮಗಳು ಮೊಮ್ಮಕ್ಕಳ ನಡುವೆ ನಿರಾಯಾಸವಾಗಿ ಹತ್ತು ಹಾಡು ಹೇಳುತ್ತಾರೆ. ಆದ್ದರಿಂದ ಮನೆಯಲ್ಲಿ ಧ್ವನಿಮುದ್ರಣ ಮಾಡುವುದು ಹಣ ಉಳಿಸುವ ಉಪಾಯ ಮಾತ್ರವಲ್ಲ, ಕೆಲವು ಹಾಡುಗಳ ಮಟ್ಟಿಗೆ ಅದೊಂದೇ ದಾರಿ ಎಂದರೆ ಅತಿಶಯೋಕ್ತಿಯಾಗದು.

ಹೋಟೆಲಿನ ಕೋಣೆಯಿಂದ ಆರಂಭ

ನಮ್ಮ ದೇಶದ ಧ್ವನಿಮುದ್ರಣದ ಇತಿಹಾಸ ಆರಂಭವಾದದ್ದು ಭವ್ಯ ಸ್ಟುಡಿಯೋದಲ್ಲಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದ ಹೋಟೆಲೊಂದರ ಕೋಣೆಯಲ್ಲಿ ಯಂತ್ರ ಜೋಡಿಸಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ಒಂದು ತಟ್ಟೆಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು ಮಾತ್ರ.

ನಮ್ಮ ಗಂಗೂಬಾಯಿ ಹಾನಗಲ್ ಅವರ ಉದಾಹರಣೆ ಇನ್ನೂ ಮನಮುಟ್ಟುವಂಥದ್ದು. ಧಾರವಾಡದಲ್ಲಿ 1913ರಲ್ಲಿ ಜನಿಸಿದ ಅವರ ಧ್ವನಿಮುದ್ರಿಕೆಗಳು 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದಿದ್ದವು. ಆ ಬಳಿಕ ಗಂಟಲಿನ ತೊಂದರೆಗೆ ಚಿಕಿತ್ಸೆಯಾಗಿ ಅವರ ಧ್ವನಿಯೇ ಬದಲಾಯಿತು. ನಾವೆಲ್ಲ ಬಲ್ಲ ಗಂಭೀರವಾದ ಕಂಠ ಆ ನಂತರದ್ದು. ಮೊದಲಿನ ಎಳೆಯ, ಏರುದನಿಯ ಗಂಗೂಬಾಯಿ ಇಂದು ಉಳಿದಿರುವುದು ಆ ಹಳೆಯ ತಟ್ಟೆಗಳಲ್ಲಿ ಮಾತ್ರ. ಮನುಷ್ಯ ಇದ್ದರೂ ಕಂಠ ಇದ್ದಂತೆಯೇ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 'ಮುಂದಿನ ವರ್ಷ ನೋಡೋಣ' ಎನ್ನುವ ಮಾತು ಈ ವಿಷಯದಲ್ಲಿ ಸಲ್ಲದು.

ಮೊದಲು ಕೋಣೆ, ಆಮೇಲೆ ಮೈಕ್

ಧ್ವನಿಮುದ್ರಣ ಎಂದೊಡನೆ ಎಲ್ಲರೂ ಮೊದಲು ಕೇಳುವುದು 'ಯಾವ ಮೈಕ್ ಕೊಳ್ಳಬೇಕು' ಎಂದು. ವಾಸ್ತವವಾಗಿ ಮೊದಲು ನೋಡಬೇಕಾದದ್ದು ಕೋಣೆಯನ್ನು. ಬರಿಗೋಡೆ, ಟೈಲ್ಸ್ ನೆಲದ ಹಾಲ್‌ನಲ್ಲಿ ಎಷ್ಟು ದುಬಾರಿ ಮೈಕ್ ಇಟ್ಟರೂ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಗೋಡೆಗೆ ಬಡಿದು ಹಿಂದಿರುಗುವ ಸದ್ದೇ ಇದಕ್ಕೆ ಕಾರಣ. ಒಮ್ಮೆ ಹಾಡಿನೊಂದಿಗೆ ಬೆರೆತ ಈ ಪ್ರತಿಧ್ವನಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ಬೇರ್ಪಡಿಸುವುದು ಕಷ್ಟ.

ಪರಿಹಾರ ಮನೆಯಲ್ಲೇ ಇದೆ. ಹಾಸಿಗೆ, ಬಟ್ಟೆ ತುಂಬಿದ ಕಪಾಟು, ದಪ್ಪ ಪರದೆ ಇರುವ ಮಲಗುವ ಕೋಣೆಯೇ ಹಾಲ್‌ಗಿಂತ ಉತ್ತಮ. ಹಾಡುವವರ ಹಿಂಬದಿಗೂ ಎರಡು ಪಕ್ಕಗಳಿಗೂ ಕಂಬಳಿ ಇಲ್ಲವೇ ಕೌದಿ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿದರೆ ಅರ್ಧ ಕೆಲಸ ಮುಗಿದಂತೆ. ಉತ್ತರ ಕರ್ನಾಟಕದ ನಮ್ಮ ಬಂಧುಗಳ ಮನೆಯಲ್ಲಿ ಹಲವು ಪದರ ಬಟ್ಟೆ ಸೇರಿಸಿ ಹೊಲಿದ ಕೌದಿ ಇದ್ದೇ ಇರುತ್ತದೆ. ಅದಕ್ಕೆ ಇನ್ನೊಂದು ಉಪಯೋಗ ಸಿಕ್ಕಂತಾಯಿತು! ಗೋಡೆಗೆ ಮೊಟ್ಟೆಯ ರಟ್ಟಿನ ತಟ್ಟೆ ಅಂಟಿಸುವ ರೂಢಿ ಕೆಲವರಲ್ಲಿದೆ. ತೆಳುವಾದ ಆ ರಟ್ಟಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಒಂದು ವ್ಯತ್ಯಾಸ ತಿಳಿದಿರಬೇಕು. ಕಂಬಳಿ ಒಳಗಿನ ಪ್ರತಿಧ್ವನಿಯನ್ನು ಹೀರುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ರೈಲು ಹಳಿಯ ಪಕ್ಕದ ಕಟ್ಟಡದಲ್ಲಿ ವಾಸವಿರುವವರು ಲೋಕಲ್ ಗಾಡಿಯ ಸದ್ದನ್ನು ಕಂಬಳಿಯಿಂದ ನಿಲ್ಲಿಸಲಾರರು. ಅಂಥವರು ಕಿಟಕಿ ಮುಚ್ಚಿ, ರಸ್ತೆಗೆ ದೂರವಾದ ಕೋಣೆ ಆರಿಸಿ, ನೆರೆಹೊರೆಯ ಸದ್ದು ಕಡಿಮೆ ಇರುವ ಹೊತ್ತನ್ನು ಗೊತ್ತು ಮಾಡಿಕೊಳ್ಳಬೇಕು. ಫ್ಯಾನ್, ಏಸಿ ನಿಲ್ಲಿಸಬೇಕು. ಮೊಬೈಲ್ ದೂರ ಇಡಬೇಕು. ಕುಕ್ಕರಿನ ಸೀಟಿಗೂ ಒಂದರ್ಧ ಗಂಟೆ ವಿರಾಮ ಬೇಕು. ಫ್ರಿಜ್ ಬಂದ್ ಮಾಡಿದವರು ಮತ್ತೆ ಚಾಲೂ ಮಾಡಲು ಮರೆಯಬಾರದು.

ಮೈಕ್‌ನಲ್ಲಿ ಎರಡು ಬಗೆ

ಮೈಕ್‌ಗಳಲ್ಲಿ ಮುಖ್ಯವಾಗಿ ಡೈನಮಿಕ್ ಮತ್ತು ಕಂಡೆನ್ಸರ್ ಎಂಬ ಎರಡು ಬಗೆ. ಸಭೆ ಸಮಾರಂಭಗಳಲ್ಲಿ ಕೈಯಲ್ಲಿ ಹಿಡಿದು ಮಾತಾಡುವುದು ಸಾಮಾನ್ಯವಾಗಿ ಡೈನಮಿಕ್. 1966ರಲ್ಲಿ ಮಾರುಕಟ್ಟೆಗೆ ಬಂದ ಶೂರ್ ಎಸ್‌ಎಂ58 ಇದಕ್ಕೆ ಹೆಸರುವಾಸಿಯಾದ ಉದಾಹರಣೆ. ಇದು ಹತ್ತಿರದ ಧ್ವನಿಯನ್ನು ಚೆನ್ನಾಗಿ ಹಿಡಿಯುತ್ತದೆ, ದೂರದ ಸದ್ದನ್ನು ಅಷ್ಟಾಗಿ ಗಮನಿಸುವುದಿಲ್ಲ. ಕಂಡೆನ್ಸರ್ ಹೆಚ್ಚು ಸೂಕ್ಷ್ಮ. ಉಸಿರು, ಗಮಕ, ತಂತಿಯ ಮಿಡಿತವನ್ನೂ ಹಿಡಿಯುತ್ತದೆ. ಹಾಗೆಯೇ ಪಕ್ಕದ ಮನೆಯ ಟಿವಿಯನ್ನೂ ಬಿಡುವುದಿಲ್ಲ! ಸ್ಟುಡಿಯೋ ಮಾದರಿಯ ಕಂಡೆನ್ಸರ್ ಕೆಲಸ ಮಾಡಲು ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ ಬೇಕು. ಅದನ್ನು ಇಂಟರ್‌ಫೇಸ್ ಎಂಬ ಪೆಟ್ಟಿಗೆ ಒದಗಿಸುತ್ತದೆ.

ಗದ್ದಲದ ಬಡಾವಣೆಯಲ್ಲಿದ್ದು, ಮುಖ್ಯವಾಗಿ ಹಾಡುಗಾರಿಕೆಗೆ ಬೇಕಾದವರಿಗೆ ಡೈನಮಿಕ್ ಕ್ಷೇಮ. ಕೋಣೆ ಶಾಂತವಾಗಿದ್ದು, ವೀಣೆ, ಪಿಟೀಲು, ಕೊಳಲು ಮುದ್ರಿಸುವವರಿಗೆ ಕಂಡೆನ್ಸರ್ ಒಳ್ಳೆಯದು. ನೇರವಾಗಿ ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಮೈಕ್ ಒಬ್ಬರೇ ಹಾಡುವುದಾದರೆ ಸಾಕು. ಮುಂದೆ ತಬಲಾಕ್ಕೋ ಹಾರ್ಮೋನಿಯಂಗೋ ಎರಡನೆಯ ಮೈಕ್ ಸೇರಿಸಬೇಕೆಂದಾಗ ತೊಡಕಾಗುತ್ತದೆ.

ಸಾಮಾನು ಏನೇನು, ಖರ್ಚು ಎಷ್ಟು?

ಆಡಿಯೊ ಇಂಟರ್‌ಫೇಸ್ ಎಂದರೆ ಮೈಕ್‌ನ ಧ್ವನಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕೆಗಳಾಗಿಸುವ ಪುಟ್ಟ ಪೆಟ್ಟಿಗೆ. ಎರಡು ಮೈಕ್ ಜೋಡಿಸಲು ಅವಕಾಶವಿರುವುದನ್ನೇ ಕೊಳ್ಳುವುದು ಜಾಣತನ. ಜತೆಗೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಮೈಕ್ ಸ್ಟ್ಯಾಂಡ್, ಕೇಬಲ್, ಮೈಕ್‌ನ ಮುಂದೆ ನಿಲ್ಲಿಸುವ ಬಟ್ಟೆಯ ಬಳೆ, ಅಂದರೆ ಪಾಪ್ ಫಿಲ್ಟರ್ ಬೇಕು. ಪ, ಬ, ಭ ಅಕ್ಷರಗಳನ್ನು ಉಚ್ಚರಿಸುವಾಗ ಬಾಯಿಂದ ಹೊರಡುವ ಗಾಳಿ ಮೈಕ್‌ಗೆ ಬಡಿದು 'ಧಪ್' ಎನ್ನುವುದನ್ನು ಇದು ತಡೆಯುತ್ತದೆ.

ಹೆಚ್ಚು ಹೆಸರಿನ ಹಿಂದೆ ಬೀಳದಿದ್ದರೆ ಇವೆಲ್ಲ ಸೇರಿ 20ರಿಂದ 25 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒದಗುತ್ತವೆ. ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಅಡಾಸಿಟಿ ಎಂಬ ತಂತ್ರಾಂಶ ಉಚಿತ. ಆ್ಯಪಲ್ ಕಂಪ್ಯೂಟರ್ ಉಳ್ಳವರಿಗೆ ಗರಾಜ್‌ಬ್ಯಾಂಡ್ ಉಚಿತವಾಗಿಯೇ ಲಭ್ಯ. ಕೊಳ್ಳುವ ಮೊದಲು ಅಂಗಡಿಗೆ ಹೋಗಿ ಕಿವಿಯಾರೆ ಕೇಳಿ ನೋಡುವುದು ಲೇಸು. ಮುಂಬಯಿಯಲ್ಲಿ ಧೋಬಿ ತಲಾವ್‌ನ ವಾದ್ಯದಂಗಡಿಗಳು, ಲ್ಯಾಮಿಂಗ್ಟನ್ ರೋಡ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಹೈದರಾಬಾದಿನಲ್ಲಿ ಕೋಠಿ, ದಿಲ್ಲಿಯಲ್ಲಿ ಲಜಪತ್ ರಾಯ್ ಮಾರ್ಕೆಟ್ ಎಲ್ಲರಿಗೂ ತಿಳಿದ ತಾಣಗಳೇ. ಬಿಲ್ಲು ಮತ್ತು ಗ್ಯಾರಂಟಿ ಪತ್ರ ಕೇಳಿ ಪಡೆಯಬೇಕು.

ಹಾಡುವಾಗ ಬಾಯಿಗೂ ಮೈಕ್‌ಗೂ ಗೇಣಿನಷ್ಟು, ಅಂದರೆ 15ರಿಂದ 20 ಸೆಂಟಿಮೀಟರ್ ಅಂತರವಿರಲಿ. ಧ್ವನಿಮಟ್ಟವನ್ನು ತೋರಿಸುವ ಪಟ್ಟಿ ಅತಿ ಎತ್ತರದ ಸ್ವರದಲ್ಲೂ ಮೈನಸ್ 6 ಡೆಸಿಬೆಲ್ ದಾಟದಂತೆ ಹೊಂದಿಸಿಕೊಳ್ಳಬೇಕು. ಮೆಲ್ಲಗೆ ಮುದ್ರಣವಾದದ್ದನ್ನು ಆಮೇಲೆ ಏರಿಸಬಹುದು, ಮಿತಿ ಮೀರಿ ಒಡೆದ ಧ್ವನಿಯನ್ನು ಸರಿಪಡಿಸುವುದು ಕಷ್ಟ. ಶ್ರುತಿ ಪೆಟ್ಟಿಗೆಯ ಸದ್ದನ್ನು ಹೆಡ್‌ಫೋನಿನಲ್ಲೇ ಕೇಳಿಸಿದರೆ ಹಾಡು ಪ್ರತ್ಯೇಕವಾಗಿ, ಶುದ್ಧವಾಗಿ ದೊರೆಯುತ್ತದೆ. ಹೆಡ್‌ಫೋನ್ ರೂಢಿಯಿಲ್ಲದ ಹಿರಿಯರಿಗೆ ಒತ್ತಾಯ ಮಾಡಬಾರದು. ಪೆಟ್ಟಿಗೆಯನ್ನು ಅವರ ಹಿಂದೆ ಸ್ವಲ್ಪ ದೂರದಲ್ಲಿಟ್ಟು, ಅವರು ಹಾಡಿದಂತೆ ಹಾಡಲು ಬಿಡಬೇಕು.

ವಾದ್ಯಕ್ಕೊಂದು ಜಾಗ

ಹಾರ್ಮೋನಿಯಂಗೆ ಮೈಕ್ ತೀರ ಹತ್ತಿರ ಇಟ್ಟರೆ ಮನೆಗಳ ಟಕಟಕ, ತಿದಿಯ ಗಾಳಿ ಸದ್ದು ಕೇಳುತ್ತದೆ. ಒಂದೂವರೆ ಎರಡು ಅಡಿ ದೂರ, ತುಸು ಮೇಲಕ್ಕೆ ಇಟ್ಟರೆ ಚೆಂದ. ತಬಲಾಕ್ಕೆ ಒಂದೇ ಮೈಕ್ ಇದ್ದರೆ ತಬಲಾ ಮತ್ತು ಡಗ್ಗದ ನಡುವೆ ಒಂದಡಿ ಮೇಲೆ ನಿಲ್ಲಿಸಬೇಕು. ಕೊಳಲಿಗೆ ಊದುವ ರಂಧ್ರಕ್ಕೆ ನೇರವಾಗಿ ಹಿಡಿಯದೆ ಓರೆಯಾಗಿ ಇಟ್ಟರೆ ಗಾಳಿಯ ಸದ್ದು ತಪ್ಪುತ್ತದೆ. ಮೃದಂಗಕ್ಕೆ ಎರಡೂ ಬದಿಯ ನಾದ ಸಮನಾಗಿ ಬರುವಂತೆ ಎದುರಿನಿಂದ ಎರಡಡಿ ದೂರದಲ್ಲಿಟ್ಟು ನೋಡಬೇಕು. ಇನ್ನು ಚೆಂಡೆ! ಬಯಲಿನಲ್ಲಿ ಮೈಲಿ ದೂರ ಕೇಳಲೆಂದೇ ಹುಟ್ಟಿದ ವಾದ್ಯವದು. ಫ್ಲ್ಯಾಟ್‌ನಲ್ಲಿ ಮುದ್ರಿಸುವ ಸಾಹಸ ಬೇಡ, ಸಂಘದ ಸಭಾಗೃಹವೇ ಅದಕ್ಕೆ ಯೋಗ್ಯ.

ಹತ್ತು ಹದಿನೈದು ಮಂದಿ ಸೇರಿ ಹಾಡುವ ಭಜನಾ ಮಂಡಳಿಗೆ ಒಬ್ಬೊಬ್ಬರಿಗೂ ಮೈಕ್ ಬೇಕಿಲ್ಲ. ಅಂಗೈಯಗಲದ ಸ್ಟೀರಿಯೊ ರೆಕಾರ್ಡರ್ ಒಂದನ್ನು ಸ್ಟ್ಯಾಂಡ್ ಮೇಲಿಟ್ಟು ಎಲ್ಲರೂ ಅರ್ಧವೃತ್ತಾಕಾರದಲ್ಲಿ ಕುಳಿತರಾಯಿತು. ಮುಂದೆ ಹಾಡುವವರು ಹತ್ತಿರ, ತಾಳದವರು ದೂರ. ತಾಳದ ಚೂಪು ಸದ್ದು ಉಳಿದೆಲ್ಲವನ್ನೂ ಮುಚ್ಚಿಬಿಡುವುದೇ ಇದಕ್ಕೆ ಕಾರಣ. ಇತ್ತೀಚಿನ ಕೆಲವು ರೆಕಾರ್ಡರ್‌ಗಳಲ್ಲಿ 32 ಬಿಟ್ ಫ್ಲೋಟ್ ಎಂಬ ಸೌಲಭ್ಯವಿದೆ. ಮೆಲುದನಿಯಿಂದ ಮಂಗಳಾರತಿಯ ಅಬ್ಬರದವರೆಗೆ ಮಟ್ಟ ಹೊಂದಿಸುವ ಚಿಂತೆ ಇದರಲ್ಲಿ ಬಹುಮಟ್ಟಿಗೆ ಇಲ್ಲ.

ಏನೂ ಕೊಳ್ಳಲಾಗದವರು ಸುಮ್ಮನಿರಬೇಕಿಲ್ಲ. ಕೌದಿ ಕಟ್ಟಿದ ಶಾಂತ ಕೋಣೆಯಲ್ಲಿ ಏರೋಪ್ಲೇನ್ ಮೋಡ್‌ಗೆ ಹಾಕಿದ ಮೊಬೈಲ್ ಕೊಡುವ ಫಲಿತಾಂಶ, ಬರಿಗೋಡೆಯ ಹಾಲ್‌ನ ದುಬಾರಿ ಮೈಕ್‌ಗಿಂತ ಎಷ್ಟೋ ಪಾಲು ಮೇಲು.

ಹೆಸರು, ಪ್ರತಿ ಮತ್ತು ಹಕ್ಕು

ಮೂಲ ಮುದ್ರಣವನ್ನು ಎಂಪಿ3ಯಲ್ಲಿ ಇಡಬಾರದು. ಅದರಲ್ಲಿ ಧ್ವನಿಯ ಒಂದಂಶ ಕಳೆದುಹೋಗಿರುತ್ತದೆ. ವೇವ್ ಕಡತವಾಗಿ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಉಳಿಸಬೇಕು. ಒಂದು ಮೈಕ್‌ನ ಮುದ್ರಣಕ್ಕೆ ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ಬೇಕಾಗುತ್ತದೆ, ಇಂದಿನ ಡಿಸ್ಕ್‌ಗಳಿಗೆ ಇದು ಹೊರೆಯಲ್ಲ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕ್‌ನಲ್ಲಿ, ಇನ್ನೊಂದು ಊರಿನ ಬಂಧುಗಳ ಮನೆಯಲ್ಲಿ ಇದ್ದರೆ ನಿಶ್ಚಿಂತೆ.

ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾವೂ ಹಾಗೆಯೇ ಮಾಡಬಹುದು. ಹಾಡಿದವರ ಹೆಸರು, ವಯಸ್ಸು, ಊರು, ಹಾಡು ಯಾರಿಂದ ಕಲಿತದ್ದು, ಎಂಥ ಸಂದರ್ಭದಲ್ಲಿ ಹಾಡುವುದು, ಮುದ್ರಣದ ದಿನಾಂಕ ಇಷ್ಟನ್ನು ಅವರ ಬಾಯಿಂದಲೇ ಹೇಳಿಸಿದರೆ ಮೊಮ್ಮಕ್ಕಳ ಕಾಲಕ್ಕೆ ಅದು ಹಾಡಿನಷ್ಟೇ ಬೆಲೆಯುಳ್ಳದ್ದಾಗುತ್ತದೆ.

ಮನೆಮಂದಿ ಕೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ಸಿಡಿ ಹೊರತರುವಾಗ, ಅಂತರ್ಜಾಲಕ್ಕೆ ಏರಿಸುವಾಗ ಹಕ್ಕಿನ ಪ್ರಶ್ನೆ ಬರುತ್ತದೆ. ನಮ್ಮ ಕಾನೂನಿನಂತೆ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳು ಈಗ ಎಲ್ಲರ ಸ್ವತ್ತು. 1981ರಲ್ಲಿ ಅಗಲಿದ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೂ, 1994ರಲ್ಲಿ ಅಗಲಿದ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೂ ಅನುಮತಿ ಬೇಕು. ರಾಗ ಸಂಯೋಜಕರ ಹಕ್ಕು ಬೇರೆಯೇ ಇದೆ. ಪುರಂದರದಾಸರ ಪದಕ್ಕೆ ಅಡ್ಡಿಯಿಲ್ಲ, ಆದರೆ ಇತ್ತೀಚಿನವರು ಹಾಕಿದ ಧಾಟಿಗೆ ಅವರ ಒಪ್ಪಿಗೆ ಬೇಕಾಗಬಹುದು. ಹಾಡಿದವರಿಗೂ ಕಾನೂನು ಹಕ್ಕು ನೀಡಿದೆ. ಅಜ್ಜಿಯ ಹಾಡನ್ನು ಲೋಕಕ್ಕೆ ಕೇಳಿಸುವ ಮುನ್ನ ಅಜ್ಜಿಯ ಒಪ್ಪಿಗೆ ಕೇಳುವುದು ಮರ್ಯಾದೆಯೂ ಹೌದು.

ಸಂಘಗಳು ಮನಸ್ಸು ಮಾಡಲಿ

ಪ್ರತಿ ಮನೆಯೂ ಈ ಸಾಮಾನು ಕೊಳ್ಳಬೇಕೆಂದೇನಿಲ್ಲ. ಒಂದು ಕನ್ನಡ ಸಂಘ ಒಂದು ಜೋಡಣೆ ಕೊಂಡು, ಗ್ರಂಥಾಲಯದ ಪುಸ್ತಕದಂತೆ ಸದಸ್ಯರಿಗೆ ವಾರದ ಮಟ್ಟಿಗೆ ಕೊಡಬಹುದು. ಒಂದು ಸಮಾರಂಭದ ಶಾಲು, ಹಾರ, ಸ್ಮರಣಿಕೆಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಇದಕ್ಕೆ ದಾರಿಯಾದೀತು. ಕಂಪ್ಯೂಟರ್ ಬಲ್ಲ ಯುವಕ ಯುವತಿಯರು ಮೈಕ್ ಹಿಡಿದು ಹಿರಿಯರ ಮನೆಗೆ ಹೋದರೆ, ಕನ್ನಡ ಓದಲು ಬಾರದ ಆ ಮಕ್ಕಳ ಕಿವಿಗೂ ನಮ್ಮ ಹಾಡು ಬಿದ್ದಂತಾಗುತ್ತದೆ. ಸನ್ಮಾನಕ್ಕೆ ಹಿರಿಯರ ಪಟ್ಟಿ ಮಾಡುವ ಸಮಿತಿಗಳು ಹಾಡು ಬಲ್ಲವರ ಪಟ್ಟಿಯೊಂದನ್ನೂ ಮಾಡಲಿ. ಅದರಲ್ಲಿ ಎಲ್ಲರಿಗಿಂತ ಹಿರಿಯರ ಮನೆಗೆ ಮೊದಲು ಹೋಗಲಿ. ಮುಂದಿನ ಭಾನುವಾರವೇ ಆದರೆ ಇನ್ನೂ ಒಳ್ಳೆಯದು.