ಬ್ಯಾಕ್ಟೀರಿಯ ತಯಾರಿಸುವ ಇನ್ಸುಲಿನ್

1922ರ ಜನವರಿ. ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಲುಬಿನ ಹಂದರವಾಗಿ ಮಲಗಿದ್ದ. ಅವನಿಗಿದ್ದುದು ಸಕ್ಕರೆ ಕಾಯಿಲೆ. ಆಗೆಲ್ಲ ಮಕ್ಕಳಿಗೆ ಈ ರೋಗ ಬಂದರೆ ಸಾವೇ ಗತಿ. ದನದ ಮೇದೋಜೀರಕಾಂಗದಿಂದ ತೆಗೆದ ರಸವನ್ನು ವೈದ್ಯರು ಅವನಿಗೆ ಚುಚ್ಚಿದರು. ಮೊದಲ ಸಲ ಹೆಚ್ಚೇನೂ ಗುಣ ಕಾಣಲಿಲ್ಲ. ರಸವನ್ನು ಇನ್ನಷ್ಟು ಶುದ್ಧಗೊಳಿಸಿ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ.

ಆ ರಸದಲ್ಲಿದ್ದುದೇ ಇನ್ಸುಲಿನ್. ಅನಂತರ ಸುಮಾರು 60 ವರ್ಷ ಅದು ದೊರೆಯುತ್ತಿದ್ದುದು ಕಸಾಯಿಖಾನೆಯ ದನ, ಹಂದಿಗಳಿಂದ. ಕಾಲು ಕಿಲೋ ಇನ್ಸುಲಿನ್‌ಗೆ ಎರಡು ಟನ್‌ನಷ್ಟು ಹಂದಿಯ ಅಂಗಗಳು ಬೇಕಾಗುತ್ತಿದ್ದವು! ಇನ್ಸುಲಿನ್ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಮನುಷ್ಯನದಕ್ಕೂ ಹಂದಿಯದಕ್ಕೂ ಇರುವುದು ಒಂದೇ ಅಮೈನೋ ಆಮ್ಲದ ವ್ಯತ್ಯಾಸ, ದನದ್ದಕ್ಕೆ ಮೂರು. ಆದರೂ ಕೆಲವರ ಮೈಗೆ ಅದು ಒಗ್ಗುತ್ತಿರಲಿಲ್ಲ.

ಮನುಷ್ಯನ ಇನ್ಸುಲಿನ್ನನ್ನೇ ತಯಾರಿಸಲು ಸಾಧ್ಯವೆ? ಇಲ್ಲಿ ನೆರವಿಗೆ ಬಂದದ್ದು ನಮ್ಮ ಕರುಳಿನಲ್ಲೇ ವಾಸಿಸುವ ಈ. ಕೋಲಿ ಎಂಬ ಬ್ಯಾಕ್ಟೀರಿಯ. ಇದರೊಳಗೆ ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರಗಳಿರಬಹುದು. ಉಂಗುರವನ್ನು ನಿಗದಿತ ಜಾಗದಲ್ಲಿ ಕತ್ತರಿಸಲು ಒಂದು ಕಿಣ್ವ, ಹೊಸ ಜೀನ್ ಸೇರಿಸಿ ಬೆಸೆಯಲು ಇನ್ನೊಂದು ಕಿಣ್ವ. ಒಂದು ಕತ್ತರಿ, ಇನ್ನೊಂದು ಅಂಟು ಎನ್ನಿ. ಹೊಸ ಉಂಗುರವನ್ನು ಬ್ಯಾಕ್ಟೀರಿಯದೊಳಗೆ ತೂರಿಸಿದರೆ ಅದು ವಿಭಜನೆಯಾದಂತೆಲ್ಲ ಜೀನ್ ಕೂಡ ನಕಲಾಗುತ್ತದೆ. ಜೀನ್ ಯಾರದೆಂದು ಬ್ಯಾಕ್ಟೀರಿಯ ವಿಚಾರಿಸುವುದಿಲ್ಲ. ಜೀವಲೋಕದಲ್ಲೆಲ್ಲ ಡಿಎನ್ಎ ಲಿಪಿ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಅದು ಸುಮ್ಮನೆ ಓದಿಕೊಂಡು ಪ್ರೋಟೀನು ಕಟ್ಟುತ್ತದೆ.

1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಈ ಕೆಲಸ ಕೈಗೂಡಿತು. ವಿಶೇಷವೆಂದರೆ, ವಿಜ್ಞಾನಿಗಳು ಜೀನನ್ನು ಮನುಷ್ಯನ ಕೋಶದಿಂದ ಕತ್ತರಿಸಿ ತರಲಿಲ್ಲ. ಪ್ರಯೋಗಾಲಯದಲ್ಲಿ ರಾಸಾಯನಿಕಗಳಿಂದಲೇ ಜೋಡಿಸಿದರು. ಇನ್ಸುಲಿನ್ನಿನ ಎರಡು ಸರಪಳಿಗಳನ್ನು ಬೇರೆ ಬೇರೆ ಬ್ಯಾಕ್ಟೀರಿಯಗಳಲ್ಲಿ ಬೆಳೆಸಿ ಆಮೇಲೆ ಕೂಡಿಸಿದರು. 1982ರಲ್ಲಿ ಅಮೆರಿಕ ಸರ್ಕಾರ ಈ ಔಷಧಿಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಬಯೋಕಾನ್ ಕಂಪನಿ ಬ್ಯಾಕ್ಟೀರಿಯದ ಬದಲು ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು.

ಜೀನನ್ನು ಸಾಗಿಸುವುದಷ್ಟೇ ಅಲ್ಲ, ತಿದ್ದುವುದೂ ಸಾಧ್ಯ. ಒಂದು ಸರಪಳಿಯ 28 ಮತ್ತು 29ನೇ ಅಮೈನೋ ಆಮ್ಲಗಳನ್ನು ಅದಲುಬದಲು ಮಾಡಿದ ಇನ್ಸುಲಿನ್ 1996ರಲ್ಲಿ ಬಂತು. ಇದರ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆ. ಹಾಗಾಗಿ ಬೇಗ ರಕ್ತ ಸೇರುತ್ತವೆ. ಊಟಕ್ಕೆ ಅರ್ಧ ಗಂಟೆ ಮೊದಲೇ ಚುಚ್ಚಿಕೊಂಡು ಕಾಯಬೇಕಿಲ್ಲ. ಶಾಲೆಗೆ ಓಡುವ ಮಗುವಿಗೆ ಇದು ಸಣ್ಣ ಅನುಕೂಲವೇನಲ್ಲ.

ಇಂಥ ಇನ್ಸುಲಿನ್ ಮಗುವಿನ ವಂಶವಾಹಿಯನ್ನೇ ಕೆಡಿಸೀತೆಂದು ಕೆಲವು ತಾಯಿತಂದೆಯರು ಅಂಜುತ್ತಾರೆ. ಈ ಅಂಜಿಕೆ ಬೇಡ. ಬದಲಾದದ್ದು ಕಾರ್ಖಾನೆಯ ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಯ ಜೀನ್. ಸೀಸೆಯಲ್ಲಿ ಬರುವುದು ಅದು ತಯಾರಿಸಿದ, ಶುದ್ಧೀಕರಿಸಿದ ಪ್ರೋಟೀನು ಮಾತ್ರ. ಮಗುವಿನ ಜೀನ್‌ಗಳು ಇದ್ದ ಹಾಗೆಯೇ ಇರುತ್ತವೆ. ಆದ್ದರಿಂದಲೇ ಚುಚ್ಚುಮದ್ದನ್ನು ಪ್ರತಿದಿನ ತಪ್ಪದೆ ತೆಗೆದುಕೊಳ್ಳಬೇಕು.