ಕಾಂಕ್ರೀಟ್ ರಸ್ತೆಯ ಸಂಧಿಗಳಲ್ಲಿ ಉಕ್ಕಿನ ಸರಳು

ಕೊಡಗಿನ ಮಳೆಗಾಲಕ್ಕೂ ಡಾಮರು ರಸ್ತೆಗೂ ಹಳೆಯ ವೈರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯ ಸುತ್ತಮುತ್ತ, ಬೇಸಗೆಯಲ್ಲಿ ಹಾಕಿದ ಡಾಮರು ಕಕ್ಕಡ ಕಳೆಯುವಷ್ಟರಲ್ಲಿ ಕಿತ್ತುಹೋಗಿ ಜಲ್ಲಿ ಮೇಲೇಳುವುದನ್ನು ಕಾಣದವರು ವಿರಳ. ಈ ಕಾರಣದಿಂದಲೇ ಘಟ್ಟದ ರಸ್ತೆಗಳಿಗೆ ಕಾಂಕ್ರೀಟ್ ಹಾಸಬೇಕೆಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಕೊಡಗಿನ ಉತ್ತರಕ್ಕಿರುವ ಶಿರಾಡಿ ಘಾಟಿಯಲ್ಲಿ 2015 ಮತ್ತು 2018ರಲ್ಲಿ ಎರಡು ಹಂತಗಳಾಗಿ ಈ ಕಾರ್ಯ ನಡೆಯಿತು. ಆಗ ತಿಂಗಳುಗಟ್ಟಲೆ ಅಲ್ಲಿ ಸಂಚಾರ ನಿಂತು, ಬೆಂಗಳೂರು–ಮಂಗಳೂರು ನಡುವಿನ ವಾಹನಗಳಲ್ಲಿ ಒಂದು ಪಾಲು ಮಡಿಕೇರಿ–ಸಂಪಾಜೆ ಮಾರ್ಗವನ್ನು ಹಿಡಿದುದು ಇಲ್ಲಿಯ ಜನರಿಗೆ ನೆನಪಿದೆ.

ಕಾಂಕ್ರೀಟ್ ರಸ್ತೆ ದೂರದಿಂದ ಅಖಂಡವಾಗಿ ಕಂಡರೂ ವಾಸ್ತವದಲ್ಲಿ ಅದು ಚಪ್ಪಡಿಗಳ ಸಾಲು. ಪ್ರತಿ ನಾಲ್ಕೂವರೆ ಮೀಟರಿಗೊಮ್ಮೆ ಅಡ್ಡಲಾಗಿ ಒಂದು ಸಂಧಿ ಇರುತ್ತದೆ. ಇದು ಕಟ್ಟುವವರ ಅನುಕೂಲಕ್ಕಾಗಿ ಬಿಟ್ಟುದಲ್ಲ. ಹಸಿ ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ. ಒಣಗಿದ ಮೇಲೆಯೂ ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುತ್ತಲೇ ಇರುತ್ತದೆ. ನಾಲ್ಕೂವರೆ ಮೀಟರ್ ಉದ್ದದ ಚಪ್ಪಡಿಯ ಉಷ್ಣತೆ 30 ಡಿಗ್ರಿ ಏರಿಳಿದರೆ ಅದರ ಉದ್ದದಲ್ಲಿ ಆಗುವ ವ್ಯತ್ಯಾಸ ಸುಮಾರು 1.35 ಮಿಲಿಮೀಟರ್. ಅಲ್ಪವೆಂದು ತೋರಬಹುದು; ಆದರೆ ಈ ಚಲನೆಗೆ ಎಡೆ ಕೊಡದಿದ್ದರೆ ರಸ್ತೆ ತನಗೆ ತೋಚಿದಲ್ಲಿ ಬಿರುಕು ಬಿಡುತ್ತದೆ. ಆದುದರಿಂದ ಕಾಂಕ್ರೀಟು ಗಟ್ಟಿಯಾದ ಕೆಲವೇ ಗಂಟೆಗಳಲ್ಲಿ ದಪ್ಪದ ಕಾಲು ಅಥವಾ ಮೂರನೆಯ ಒಂದು ಭಾಗದಷ್ಟು ಆಳಕ್ಕೆ ಗರಗಸದಿಂದ ಕೊಯ್ಯುತ್ತಾರೆ. ಉಳಿದ ಆಳದಲ್ಲಿ ಬಿರುಕು ಆ ಗೆರೆಯನ್ನೇ ಅನುಸರಿಸಿ ಇಳಿಯುತ್ತದೆ.

ಬಿರುಕು ಹೀಗೆ ಹದ್ದಿಗೆ ಬಂದರೂ ಅಲ್ಲಿಂದ ಮತ್ತೊಂದು ಕಷ್ಟ ಆರಂಭವಾಗುತ್ತದೆ. ಚಪ್ಪಡಿಯ ನಡುಭಾಗದಲ್ಲಿ ಚಕ್ರ ಉರುಳುವಾಗ ಸುತ್ತಲಿನ ಕಾಂಕ್ರೀಟೆಲ್ಲ ಭಾರವನ್ನು ಹಂಚಿಕೊಳ್ಳುತ್ತದೆ. ಅಂಚಿಗೆ ಬಂದೊಡನೆ ಆ ನೆರವು ತಪ್ಪುತ್ತದೆ. ಮೊದಮೊದಲು ಬಿರುಕಿನ ಎರಡು ಮುಖಗಳಲ್ಲಿರುವ ಜಲ್ಲಿಯ ಮೊನೆಗಳು ಒಂದನ್ನೊಂದು ಹಿಡಿದು ಸ್ವಲ್ಪ ಭಾರವನ್ನು ಆಚೆಗೆ ದಾಟಿಸುತ್ತವೆ. ಮರ ಹೊತ್ತ ಲಾರಿಗಳು ಹಗಲಿರುಳು ಓಡಾಡಿದರೆ ಆ ಮೊನೆಗಳು ಸವೆಯುತ್ತವೆ. ಮೇಲಾಗಿ ಮಳೆಯ ನಾಡಿನಲ್ಲಿ ಸಂಧಿಯೊಳಕ್ಕೆ ನೀರು ಇಳಿಯದೆ ಇರದು. ಚಕ್ರವು ಮೊದಲ ಚಪ್ಪಡಿಯ ಅಂಚನ್ನು ಮೆಲ್ಲನೆ ಒತ್ತಿದಾಗ ಕೆಳಗಿನ ನೀರು ಮುಂದಿನ ಚಪ್ಪಡಿಯ ಅಡಿಗೆ ಸರಿಯುತ್ತದೆ. ಚಕ್ರ ಅದರ ಮೇಲೆ ತಟ್ಟನೆ ಎರಗಿದಾಗ ಆ ನೀರು ನುಣ್ಣನೆಯ ಮಣ್ಣನ್ನು ಕೊಚ್ಚಿಕೊಂಡು ರಭಸದಿಂದ ಹಿಂದಕ್ಕೆ ಬರುತ್ತದೆ. ಸ್ವಲ್ಪ ಮಣ್ಣು ಸಂಧಿಯ ಮೂಲಕ ಹೊರಚಿಮ್ಮುತ್ತದೆ, ಸ್ವಲ್ಪ ಹಿಂದಿನ ಚಪ್ಪಡಿಯ ಅಡಿಯಲ್ಲಿ ಶೇಖರವಾಗುತ್ತದೆ. ಕೆಲವು ವರ್ಷಗಳಲ್ಲಿ ಒಂದು ಅಂಚು ಮೇಲೆದ್ದು ಇನ್ನೊಂದು ಕುಸಿದು, ಪ್ರತಿ ಸಂಧಿಯಲ್ಲೂ ಬಸ್ಸು ‘ದಡ್’ ಎಂದು ಕುಲುಕುವುದಕ್ಕೆ ಇದೇ ಕಾರಣ.

ಇದನ್ನು ತಡೆಯಲೆಂದು ಸಂಧಿಗೆ ಅಡ್ಡಲಾಗಿ, ಚಪ್ಪಡಿಯ ದಪ್ಪದ ಸರಿಮಧ್ಯದಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸುತ್ತಾರೆ. ಇವಕ್ಕೆ ಡಾವೆಲ್ ಸರಳುಗಳೆಂದು ಹೆಸರು. ಬಡಗಿಯು ಎರಡು ಹಲಗೆಗಳನ್ನು ಕೂಡಿಸುವಾಗ ಒಳಗೆ ಅಡಗಿಸುವ ಮರದ ಗೂಟದಿಂದ ಬಂದ ಹೆಸರಿದು. ಆದರೆ ಒಂದು ಮುಖ್ಯ ಭೇದವುಂಟು. ಬಡಗಿಯ ಗೂಟ ಎರಡು ಕಡೆಯೂ ಬಿಗಿಯಾಗಿ ಕೂರಬೇಕು. ರಸ್ತೆಯ ಸರಳು ಭಾರವನ್ನು ದಾಟಿಸಬೇಕು, ಚಪ್ಪಡಿಗಳನ್ನು ಕಟ್ಟಿಹಾಕಬಾರದು. ಆದುದರಿಂದಲೇ ಅದು ಮನೆ ತಾರಸಿಯಲ್ಲಿ ಬಳಸುವ ಏಣುಳ್ಳ ಕಂಬಿಯಲ್ಲ, ನುಣುಪಾದ ದುಂಡು ಸರಳು. ಅರ್ಧ ಮೀಟರ್ ಉದ್ದ, 25ರಿಂದ 38 ಮಿಲಿಮೀಟರ್ ವ್ಯಾಸ, 300 ಮಿಲಿಮೀಟರಿಗೊಂದು. ಅರ್ಧಕ್ಕಿಂತ ತುಸು ಹೆಚ್ಚು ಭಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಾರೆ. ಒಂದು ಬದಿ ಕಾಂಕ್ರೀಟಿಗೆ ಅಂಟಿಕೊಂಡರೆ ಹೊದಿಕೆಯ ಬದಿ ಒರೆಯೊಳಗಿನ ಕತ್ತಿಯಂತೆ ಸರಿದಾಡುತ್ತದೆ. ಸೇತುವೆಗಳ ಬಳಿಯ ಅಗಲವಾದ ಸಂಧಿಗಳಲ್ಲಿ ಸರಳಿನ ತುದಿಗೆ ಒಂದು ಟೊಪ್ಪಿಗೆಯೂ ಉಂಟು. ಚಪ್ಪಡಿ ಹಿಗ್ಗಿದಾಗ ಸರಳು ಚಲಿಸಲು ಅದರೊಳಗೆ ಜಾಗವಿರುತ್ತದೆ. ಏಣುಳ್ಳ ಕಂಬಿಗಳಿಗೂ ರಸ್ತೆಯಲ್ಲಿ ಸ್ಥಾನವಿಲ್ಲದಿಲ್ಲ. ರಸ್ತೆಯ ಉದ್ದಕ್ಕೆ ಸಾಗುವ ಸಂಧಿಯಲ್ಲಿ ಎರಡು ಪಟ್ಟಿಗಳು ಅಗಲದಂತೆ ಹಿಡಿಯುವುದು ಅವುಗಳ ಕೆಲಸ. ಇವೆರಡನ್ನು ಅದಲುಬದಲು ಮಾಡಿದರೆ ಅನರ್ಥ.

ಅನರ್ಥದ ಮೂಲ ಬಹುಪಾಲು ಜೋಡಣೆಯಲ್ಲಿಯೇ ಇದೆ. ಸರಳುಗಳೆಲ್ಲ ರಸ್ತೆಯ ದಿಕ್ಕಿಗೂ ಮೇಲ್ಮೈಗೂ ಸಮಾಂತರವಾಗಿರಬೇಕು. ಒಂದು ಸರಳು ಓರೆಯಾದರೆ ಸರಿಯಲಾರದೆ ಬೀಗದಂತೆ ಕೂರುತ್ತದೆ. ಆಗ ಸಂಧಿ ಇದ್ದೂ ಇಲ್ಲದಂತಾಗಿ ಬಿರುಕು ಪಕ್ಕದಲ್ಲಿ ಮೂಡುತ್ತದೆ. ಸರಳನ್ನು ಜಜ್ಜಿ ತುಂಡರಿಸಿ ತುದಿಯಲ್ಲಿ ಸಿಬಿರು ಉಳಿಸಿದರೂ ಇದೇ ಗತಿ, ಗರಗಸದಿಂದಲೇ ಕೊಯ್ಯಬೇಕು. ಕಂಬಿಯ ಚೌಕಟ್ಟಿನ ಮೇಲೆ ಸರಳುಗಳನ್ನು ಕೂರಿಸಿ, ಆ ಚೌಕಟ್ಟು ಕಾಂಕ್ರೀಟು ಸುರಿಯುವಾಗ ಅಲುಗದಂತೆ ನೆಲಕ್ಕೆ ಬಿಗಿದಿದ್ದಾರೆಯೆ ಎಂದು ನೋಡುವ ಅವಕಾಶ ಮೇಲ್ವಿಚಾರಕನಿಗೆ ಇರುವುದು ಸುರಿಯುವ ಮುನ್ನಿನ ಅರ್ಧ ತಾಸು ಮಾತ್ರ. ಆಮೇಲೆ ಬರಿಗಣ್ಣಿಗೆ ಏನೂ ಕಾಣದು. ವಿದ್ಯುತ್ಕಾಂತೀಯ ಉಪಕರಣಗಳಿಂದ ಪತ್ತೆ ಹಚ್ಚಬಹುದಾದರೂ ಆ ವೇಳೆಗೆ ತಿದ್ದುವ ಹೊತ್ತು ಮೀರಿರುತ್ತದೆ.

ವೆಚ್ಚವೂ ಕಡಿಮೆಯದಲ್ಲ. ಮೂರೂವರೆ ಮೀಟರ್ ಅಗಲದ ಪಟ್ಟಿಯಲ್ಲಿ ಸಂಧಿಗೆ 11 ಸರಳುಗಳೆಂದರೆ ಕಿಲೋಮೀಟರಿಗೆ ಸುಮಾರು 2,440 ಸರಳುಗಳಾದವು. 32 ಮಿಲಿಮೀಟರ್ ವ್ಯಾಸದ್ದಾದರೆ ಒಂದರ ತೂಕ ಮೂರು ಕಿಲೋ ಮೀರುತ್ತದೆ. ಒಟ್ಟು ಏಳೂವರೆ ಟನ್ನಿಗೂ ಅಧಿಕ ಉಕ್ಕು. ಹಣ ಉಳಿಸುವ ಆಸೆ ಹುಟ್ಟುವುದು ಸಹಜವೇ. 1917–18ರ ಸುಮಾರಿಗೆ ಅಮೆರಿಕೆಯ ವರ್ಜೀನಿಯಾದಲ್ಲಿ ಎರಡು ಸೇನಾ ಶಿಬಿರಗಳ ನಡುವಣ ರಸ್ತೆಯಲ್ಲಿ ಮೊದಲಿಗೆ ಬಳಕೆಗೆ ಬಂದ ಈ ಸರಳು ಶತಮಾನ ಕಳೆದರೂ ಉಳಿದುಬಂದಿದೆಯೆಂಬುದನ್ನು ಆ ಲೆಕ್ಕದ ಜೊತೆಗೇ ಇಟ್ಟು ನೋಡಬೇಕು.

ಹಾಗೆಂದು ಎಲ್ಲ ಕಡೆಯೂ ಇದು ಬೇಕೆಂದಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮಾವಳಿಯಂತೆ 150 ಮಿಲಿಮೀಟರಿಗಿಂತ ತೆಳುವಾದ ಚಪ್ಪಡಿಗೆ ಡಾವೆಲ್ ಸಲ್ಲದು; ಅಷ್ಟು ತೆಳುವಿನೊಳಗೆ ಸರಳಿನ ಮೇಲೂ ಕೆಳಗೂ ಸಾಕಷ್ಟು ಕಾಂಕ್ರೀಟು ನಿಲ್ಲುವುದಿಲ್ಲ. ತೋಟದ ಲೈನುಗಳಿಗೆ ಹತ್ತುವ ಏರುದಾರಿಗೆ, ಜೀಪು ಹಾಗೂ ಹಾಲಿನ ವಾಹನ ಮಾತ್ರ ಓಡಾಡುವ ಊರ ಬೀದಿಗೆ ಸಂಧಿಯನ್ನು ಸಕಾಲದಲ್ಲಿ ಕೊಯ್ದು, ಬದಿಯ ಚರಂಡಿಯನ್ನು ತೆರವಾಗಿಟ್ಟರೆ ಸಾಕು. ಅಲ್ಲಿ ಚರಂಡಿಗೆ ಕೊಡದ ಹಣವನ್ನು ಉಕ್ಕಿಗೆ ಸುರಿಯುವುದು ಅವಿವೇಕ.

ಗುಡ್ಡವೇ ಜಾರಿದರೆ ಸರಳು ಏನೂ ಮಾಡದು. 2018ರ ಜುಲೈಯಲ್ಲಿ ಶಿರಾಡಿಯ ಎರಡನೆಯ ಹಂತ ಸಂಚಾರಕ್ಕೆ ತೆರೆಯಿತು. ಆಗಸ್ಟಿನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ದಿನಗಳಲ್ಲಿ ಜೋಡುಪಾಲದ ಬಳಿ ಮಡಿಕೇರಿ–ಸಂಪಾಜೆ ರಸ್ತೆಯೂ ಕಡಿದುಹೋಗಿತ್ತು.

ಸರಳಿಲ್ಲದೆ ಕಟ್ಟಿ ಈಗ ಕುಲುಕುವ ಹಳೆಯ ರಸ್ತೆಗೆ, ಚಪ್ಪಡಿಗಳು ಒಡೆಯದೆ ಗಟ್ಟಿಯಾಗಿದ್ದರೆ, ಒಂದು ಚಿಕಿತ್ಸೆಯುಂಟು. ಚಕ್ರಗಳು ಹಾಯುವ ಜಾಡಿನಲ್ಲಿ ಪ್ರತಿ ಸಂಧಿಗೂ ಅಡ್ಡಲಾಗಿ ಮೂರು ಮೂರು ಕಂಡಿಗಳನ್ನು ಕೊರೆದು, ಒಳಗೆ ಸರಳುಗಳನ್ನಿಟ್ಟು, ಬೇಗ ಗಟ್ಟಿಯಾಗುವ ಗಾರೆಯಿಂದ ತುಂಬಿ, ಅನಂತರ ಮೇಲ್ಮೈಯನ್ನು ಉಜ್ಜಿ ಸಮಮಾಡುತ್ತಾರೆ.