ಬಂಕಿನಲ್ಲಿ ಇನ್ನೊಂದು ಜಾಡಿ ಬೇಕು

ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ ಭಾಗದ ರೈತ ಈಗ ಪೆಟ್ರೋಲ್ ವ್ಯವಹಾರದ ಎರಡೂ ತುದಿಯಲ್ಲಿದ್ದಾನೆ. ಇಲ್ಲಿಯ ಕಬ್ಬು ಅರೆಯುವುದಕ್ಕೆ ಮುಂಡರಗಿ ತಾಲ್ಲೂಕಿನ ಗಂಗಾಪುರದಲ್ಲೇ ಕಾರ್ಖಾನೆ ಇದೆ. ಗದಗ ಜಿಲ್ಲೆಯಲ್ಲಿ ಗೋವಿನಜೋಳವೂ ಬೇಕಾದಷ್ಟು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಬರುವುದು ಹೆಚ್ಚಾಗಿ ಈ ಎರಡು ಬೆಳೆ ಮತ್ತು ಅಕ್ಕಿಯಿಂದ. ತಾನು ಬೆಳೆದದ್ದರ ಒಂದು ಪಾಲನ್ನೇ ರೈತ ಬಂಕಿಗೆ ಹೋಗಿ ರೊಕ್ಕ ಕೊಟ್ಟು ಗಾಡಿಗೆ ಹಾಕಿಸಿಕೊಳ್ಳುತ್ತಾನೆ. ಅದು ಎಷ್ಟು ಪಾಲು ಎಂದು ಪರೀಕ್ಷಿಸಿ ನೋಡುವ ದಾರಿ ಮಾತ್ರ ಅವನಿಗಿಲ್ಲ.

ಇಂಧನದ ಗುಣಮಟ್ಟದಲ್ಲಿ ನಮ್ಮ ಸರ್ಕಾರಗಳು ಸುಮ್ಮನೆ ಕೂತಿಲ್ಲ, ಅದನ್ನು ಒಪ್ಪಬೇಕು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಿಂದಲೇ ಹೋಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಬಂತು, ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ನಡುವಿನ ಬಿಎಸ್-5 ಅನ್ನು ಹಾರಿಯೇ ಬಿಟ್ಟರು. ಇದೆಲ್ಲ ರಿಫೈನರಿಯ ಗೇಟಿನ ತನಕದ ಮಾತು. ಗೇಟು ದಾಟಿ, ಟ್ಯಾಂಕರ್ ಹತ್ತಿ, ಹಳ್ಳಿ ಕಡೆಯ ಬಂಕಿನ ನೆಲದಡಿಯ ಟ್ಯಾಂಕಿಗೆ ಇಳಿದ ಮೇಲಿನ ಕಥೆ ಬೇರೆ.

ಆ ಕಥೆಯಲ್ಲಿ ಕನ್ನಡನಾಡಿನ ಹುಡುಗನೊಬ್ಬನ ಹೆಸರಿದೆ. ಕೋಲಾರದ ಕೆಜಿಎಫ್‌ನಲ್ಲಿ ಬೆಳೆದ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್‌ನಲ್ಲಿ ಮಾರಾಟ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ಅದೇ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಗತ್ಯ ವಸ್ತುಗಳ ಕಾಯ್ದೆಯಡಿ ಪೆಟ್ರೋಲ್-ಡೀಸೆಲ್ ಅಕ್ರಮ ತಡೆ ಆದೇಶವನ್ನು ಹೊಸದಾಗಿ ಹೊರಡಿಸಿತು. ಇವತ್ತಿಗೂ ಬಂಕುಗಳಿಗೆ ಅದೇ ಆಧಾರ.

ಆ ಕಾಲದ ಶತ್ರು ಚಿಮಣಿ ಎಣ್ಣೆ. ಪಡಿತರದ ಅಗ್ಗದ ಎಣ್ಣೆಯನ್ನು ಪೆಟ್ರೋಲಿಗೆ, ಡೀಸೆಲ್‌ಗೆ ಬೆರೆಸಿ ದುಡ್ಡು ಮಾಡುತ್ತಿದ್ದರು. ಬಂಕಿನಲ್ಲಿ ಗ್ರಾಹಕ ಕೇಳಬಹುದಾದ ಪರೀಕ್ಷೆಗಳು ಅದಕ್ಕೆ ತಕ್ಕಂತೆಯೇ ಇವೆ. ನಾಜಲ್‌ನ ಬಾಯಿ ಒರೆಸಿ, ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಡಬೇಕು. ಒಳ್ಳೆಯ ಪೆಟ್ರೋಲಾದರೆ ಎರಡು ನಿಮಿಷದಲ್ಲಿ ಆರಿಹೋಗುತ್ತದೆ, ಬಣ್ಣದ ತೆಳು ಛಾಯೆ ಉಳಿದರೆ ಚಿಂತೆಯಿಲ್ಲ. ಎಣ್ಣೆಯ ಕಲೆ ಉಳಿದರೆ ಅನುಮಾನ. ಇನ್ನೊಂದು ಸಾಂದ್ರತೆ. ಗಾಜಿನ ಜಾಡಿಗೆ ಪೆಟ್ರೋಲ್ ಸುರಿದು ಹೈಡ್ರೋಮೀಟರ್ ತೇಲಿಬಿಟ್ಟು, ಉಷ್ಣತೆ ನೋಡಿ, ಕೋಷ್ಟಕದ ಪ್ರಕಾರ 15 ಡಿಗ್ರಿಯ ಲೆಕ್ಕಕ್ಕೆ ತಂದು, ಟ್ಯಾಂಕರ್ ಜೊತೆ ಬಂದ ಅಂಕಿಗೆ ಹೋಲಿಸಬೇಕು. ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಈ ಕೋಷ್ಟಕ ಇಲ್ಲದೆ ನಡೆಯದು. ಕೇಳಿದರೆ ಬಂಕಿನವರು ತೋರಿಸಬೇಕು. ಕೇಳುವವರು ಎಷ್ಟು ಮಂದಿ ಅನ್ನುವುದು ಬೇರೆ ಪ್ರಶ್ನೆ. ಹಿಂದೆ ನಾಲ್ಕು ಗಾಡಿ ಹಾರ್ನ್ ಹಾಕುತ್ತಿರುವಾಗ ಹೈಡ್ರೋಮೀಟರ್ ತನ್ನಿ ಎನ್ನಲು ಗಟ್ಟಿ ಗುಂಡಿಗೆಯೇ ಬೇಕು.

ಈಗ ಕೇಳಬೇಕಾದದ್ದು ಎಥನಾಲ್. 2023ರ ಫೆಬ್ರುವರಿ 6ರಂದು ಪ್ರಧಾನಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಇದ್ದ ಶೇ 20ರ ಗುರಿಯನ್ನು 2025ಕ್ಕೇ ಮುಟ್ಟಿದರು. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಳೆಯ ಬೈಕುಗಳ ಮೈಲೇಜ್ ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹೊಲಕ್ಕೆ ಓಡಾಡುವ ಹಳೇ ಗಾಡಿಯವನಿಗೆ ಇದು ಸಣ್ಣ ಲೆಕ್ಕವಲ್ಲ.

ಇನ್ನೊಂದು ತೊಡಕು ನೀರು. ಮಳೆಗಾಲದಲ್ಲಿ ನೆಲದೊಳಗಿನ ಟ್ಯಾಂಕಿಗೆ ನೀರು ಜಿನುಗಿದರೆ ಮೊದಲು ಅದು ತಳಕ್ಕೆ ಕೂತು ಸಿಕ್ಕಿಬೀಳುತ್ತಿತ್ತು. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಅದರ ಜೊತೆ ತಾನೂ ತಳಕ್ಕಿಳಿಯುತ್ತದೆ. ಆ ತಳದ ದ್ರವ ಗಾಡಿಗೆ ಹೋದರೆ ಎಂಜಿನ್ ಏಳುವುದಿಲ್ಲ.

ಫಿಲ್ಟರ್ ಪೇಪರ್ ಎಥನಾಲನ್ನು ಹಿಡಿಯಲಾರದು, ಅದು ಕೂಡ ಕಲೆಯಿಲ್ಲದೆ ಆರುತ್ತದೆ. ಸಾಂದ್ರತೆ ಹೇಳುವುದು ಸರಕು ಬಿಲ್ಲಿನಂತೆ ಇದೆಯೋ ಇಲ್ಲವೋ ಎಂದಷ್ಟೇ, ಎಥನಾಲ್ ಎಷ್ಟು ಎಂದಲ್ಲ. ಅದಕ್ಕೆ ಇರುವ ಪರೀಕ್ಷೆ ಇನ್ನೂ ಸುಲಭ. ಗೆರೆ ಹಾಕಿದ ನೂರು ಮಿಲಿಯ ಜಾಡಿಯಲ್ಲಿ 50 ಮಿಲಿ ನೀರು, ಮೇಲೆ 50 ಮಿಲಿ ಪೆಟ್ರೋಲ್. ಬಿರಡೆ ಹಾಕಿ ಅಲ್ಲಾಡಿಸಿ ಇಟ್ಟರೆ ಎಥನಾಲ್ ನೀರಿಗೆ ಸೇರಿಕೊಳ್ಳುತ್ತದೆ. ತಳದ ಪದರ 60ರ ಹತ್ತಿರ ಬಂದರೆ ಹೆಚ್ಚುಕಡಿಮೆ ಶೇ 20. ಹೈಸ್ಕೂಲು ಹುಡುಗರೂ ಮಾಡಬಲ್ಲರು. ಹೈಡ್ರೋಮೀಟರಿನ ಪಕ್ಕದಲ್ಲಿ ಈ ಜಾಡಿಯೂ ಇರಬೇಕು, ಕೇಳಿದವರಿಗೆ ತೋರಿಸಬೇಕು, ಶೇಕಡಾವಾರನ್ನು ಕನ್ನಡದಲ್ಲಿ ಯಂತ್ರದ ಮೇಲೆ ಬರೆಯಬೇಕು ಎಂದು ನಿಯಮಕ್ಕೆ ಸೇರಿಸುವುದು ದೊಡ್ಡ ಕೆಲಸವೇನಲ್ಲ. ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ, ಬಂಕಿನಲ್ಲಿ ಸ್ಪಷ್ಟ ಫಲಕ ಇರಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಎಥನಾಲ್ ಇರಲಿ ಬಿಡಿ, ರೈತನಿಗೆ ಅದರಿಂದ ನಾಲ್ಕು ಕಾಸು ಬರುವುದಾದರೆ ನನ್ನ ತಕರಾರಿಲ್ಲ. ಫಲಕಕ್ಕೆ ಏನು ಅಡ್ಡಿ?

ಅದೇ ವರ್ಷದ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಗೋವಿನಜೋಳ ಬೆಳೆದವರು ಖರೀದಿ ಕೇಂದ್ರಕ್ಕಾಗಿ ಧರಣಿ ಕೂತಿದ್ದರು. ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ಪೇಟೆಯಲ್ಲಿ ಅದು ಸಿಗುತ್ತಿರಲಿಲ್ಲ. ಸರ್ಕಾರಿ ಖರೀದಿಗೆ ಕಾಳಿನ ತೇವಾಂಶ ಶೇ 14 ದಾಟಬಾರದು. ರೈತನ ಎದುರಿಗೇ ಮೀಟರ್ ಇಟ್ಟು ಅದನ್ನು ಅಳೆಯುತ್ತಾರೆ, ಹೆಚ್ಚಾದರೆ ಚೀಲ ವಾಪಸ್ ಕಳಿಸುತ್ತಾರೆ.